ಕರುಳಿನ ತಂತಿಯ ಸಂಸಾರ

ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬರೆದಿದ್ದಾರೆ: ‘ಮಗಳು ಹನ್ನೆರಡು ವರ್ಷ ಕರ್ನಾಟಕ ಪಿಟೀಲು ಕಲಿತಳು. ಎಂಜಿನಿಯರಿಂಗ್ ಓದಲು ನೆದರ್ಲೆಂಡ್ಸಿಗೆ ಹೋದವಳು ಅಲ್ಲೇ ಕೆಲಸದಲ್ಲಿದ್ದಾಳೆ. ಈಗ ಅದನ್ನು ಬಿಟ್ಟು ಹೇಗ್ ನಗರದಲ್ಲಿ ಬರೋಕ್ ಎನ್ನುವ ಹಳೇ ಯುರೋಪಿನ ಶೈಲಿಯ ಪಿಟೀಲು ಕಲಿತು ಅದರಲ್ಲೇ ಜೀವನ ಮಾಡುತ್ತೇನೆ ಅನ್ನುತ್ತಾಳೆ. ಮುನ್ನೂರು ವರ್ಷದ ಹಳೇ ಸಂಗೀತ ಊಟ ಹಾಕುತ್ತದೆಯೇ? ನಮ್ಮದನ್ನು ಬಿಟ್ಟು ಅವರದ್ದೇಕೆ?’

ಮಾನ್ಯರೇ,

ಊಟದ ವಿಷಯ ಮೊದಲು. ಹಾಕುತ್ತದೆ, ಆದರೆ ಹೊತ್ತಿಗೆ ಸರಿಯಾಗಿ ಹಾಕುವುದಿಲ್ಲ. ಹಳೆಯ ವಾದ್ಯಗಳಲ್ಲಿ ನುಡಿಸುವ ಯುರೋಪಿನ ತಂಡಗಳಲ್ಲಿ ತಿಂಗಳ ಸಂಬಳವೆಂಬುದು ಅಪರೂಪ. ಕಛೇರಿಗಿಷ್ಟು, ತಾಲೀಮಿಗಿಷ್ಟು ಎಂದು ಕೊಡುತ್ತಾರೆ. ನೆದರ್ಲೆಂಡ್ಸಿನಲ್ಲಿ ಈಸ್ಟರಿಗೆ ಮುಂಚಿನ ವಾರಗಳು ಸುಗ್ಗಿ. ಬಾಖ್‌ನ ‘ಮ್ಯಾಥ್ಯೂ ಪ್ಯಾಶನ್’ (ಏಸುವಿನ ಕೊನೆಯ ದಿನಗಳ ಕಥೆಯನ್ನು ಹಾಡುವ ದೊಡ್ಡ ಕೃತಿ) ಆಗ ಊರೂರಿನ ಚರ್ಚುಗಳಲ್ಲಿ ನಡೆಯುತ್ತದೆ. ನಾರ್ಡೆನ್ ಎಂಬ ಸಣ್ಣ ಊರಿನಲ್ಲಿ ಅದನ್ನು ನುಡಿಸಲೆಂದೇ 1921ರಲ್ಲಿ ಕಟ್ಟಿದ ಬಾಖ್ ಸಂಘ ಈಗಲೂ ಜೀವಂತವಾಗಿದೆ. ನಮ್ಮಲ್ಲಿ ರಾಮನವಮಿ ಬಂತೆಂದರೆ ಪಕ್ಕವಾದ್ಯದವರು ಬೆಂಗಳೂರಿನ ಒಂದು ಚಪ್ಪರದಿಂದ ಇನ್ನೊಂದಕ್ಕೆ ಓಡುವುದಿಲ್ಲವೇ, ಹಾಗೆ. ಕಾಲವೂ ಹೆಚ್ಚುಕಡಿಮೆ ಅದೇ. ಆ ಪ್ಯಾಶನ್‌ಗೆ ಎರಡು ವಾದ್ಯವೃಂದ, ಎರಡು ಗಾಯನವೃಂದ ಬೇಕಾದ್ದರಿಂದ ಕೈಗಳಿಗೆ ಬೇಡಿಕೆಯೂ ಇದೆ. ಆದರೆ 2020ರ ಮಾರ್ಚಿನಲ್ಲಿ ಕೊರೋನಾ ಬಂದು ಬಾಗಿಲು ಹಾಕಿದ್ದು ಸರಿಯಾಗಿ ಆ ಸುಗ್ಗಿಯ ನಡುವೆ. ಬೆಳೆದು ನಿಂತ ಪೈರಿನ ಮೇಲೆ ಆಲಿಕಲ್ಲು ಬಿದ್ದ ಹಾಗಾಯಿತು. ಮಗಳಿಗೆ ಆರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿಟ್ಟುಕೊಳ್ಳಲು ಹೇಳಿ. ನೀವು ಬ್ಯಾಂಕಿನವರು, ನಿಮ್ಮ ಮಾತು ಕೇಳಿಯಾಳು.

ಈ ಹಾದಿಯ ಹಿರಿಯರಾದ ನಿಕೊಲಾಸ್ ಹಾರ್ನೊಂಕೂರ್ ಅಂಥವರೇ 1952ರಿಂದ 1969ರವರೆಗೆ ವಿಯೆನ್ನಾದ ಸಿಂಫನಿ ವೃಂದದಲ್ಲಿ ಚೆಲ್ಲೋ ನುಡಿಸಿ ಮನೆ ನಡೆಸಿದರು. 1953ರಲ್ಲಿ ಅವರು ಕಟ್ಟಿದ ಹಳೆಯ ವಾದ್ಯಗಳ ತಂಡ ಜನರೆದುರು ಬಂದದ್ದು 1957ರಲ್ಲಿ. ನಾಲ್ಕು ವರ್ಷ ಬರೀ ತಾಲೀಮು! ನಿಮ್ಮ ಮಗಳೂ ಎಂಜಿನಿಯರಿಂಗನ್ನು ಒಂದೇ ಏಟಿಗೆ ಬಿಡಬೇಕಿಲ್ಲ ಎಂದು ನನಗನ್ನಿಸುವುದು ಇದಕ್ಕೇ.

ಇನ್ನು ‘ಹಳೇ ಸಂಗೀತ’. ಇಲ್ಲಿ ನಿಮ್ಮೊಡನೆ ಸ್ವಲ್ಪ ಜಗಳವಾಡಬೇಕು. ತ್ಯಾಗರಾಜರ ಕೃತಿ ನಮಗೆ ಬಾಯಿಂದ ಬಾಯಿಗೆ ಬಂದದ್ದು. ಪಾಠಾಂತರಗಳು ಎಷ್ಟೇ ಇರಲಿ, ಎಳೆ ಕಡಿದಿಲ್ಲ. ಅವರಲ್ಲಿ ಕಡಿಯಿತು. ವಿಯೋಲಾ ದ ಗಂಬಾ ಎಂಬ ವಾದ್ಯದ ಕೊನೆಯ ದೊಡ್ಡ ವಿದ್ವಾಂಸ ಆಬೆಲ್ 1787ರಲ್ಲಿ ತೀರಿಕೊಂಡ ಮೇಲೆ ಅದನ್ನು ಕೇಳುವವರೇ ಇಲ್ಲವಾದರು. ಅದಕ್ಕೆ ಮತ್ತೆ ಜೀವ ಬಂದದ್ದು ಹಳೆಯ ಪುಸ್ತಕ ಬಿಡಿಸಿ ಕೂತವರಿಂದ. ಕೊಳಲಿಗೆ ಕ್ವಾಂಟ್ಸ್ 1752ರಲ್ಲಿ ಬರೆದದ್ದು, ಪಿಟೀಲಿಗೆ ಲಿಯೊಪೋಲ್ಡ್ ಮೊಜಾರ್ಟ್ 1756ರಲ್ಲಿ, ಅಂದರೆ ಹೆಸರಾಂತ ಮಗ ಮೊಜಾರ್ಟ್ ಹುಟ್ಟಿದ ವರ್ಷವೇ, ಅಚ್ಚು ಹಾಕಿಸಿದ್ದು, ಇಂಥವೇ ಅವರಿಗೆ ಗುರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇದಕ್ಕೆಂದೇ ಶಾಲೆ ಶುರುವಾದದ್ದು 1933ರಲ್ಲಿ. ಹಾಗಾಗಿ ಈ ದಾರಿ ಹಿಡಿದವರು ಅರ್ಧ ವಾದಕರು, ಅರ್ಧ ಸಂಶೋಧಕರು.

ಕಾಗದದಲ್ಲಿ ಎಲ್ಲವೂ ಇರುವುದಿಲ್ಲ ಎನ್ನುವುದನ್ನು ನಿಮ್ಮ ಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಟಲಿಯ ಪಿಟೀಲು ವಿದ್ವಾಂಸ ಕೊರೆಲ್ಲಿ 1700ರಲ್ಲಿ ಅಚ್ಚು ಹಾಕಿಸಿದ ಪಿಟೀಲು ಸೊನಾಟಾಗಳ ನಿಧಾನದ ಭಾಗಗಳನ್ನು ನೋಡಿದರೆ ಬರೀ ಎಲುಬು. 1710ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರಕಾಶಕನೊಬ್ಬ ಅವನ್ನೇ ಮೈತುಂಬ ಅಲಂಕಾರದೊಡನೆ ಅಚ್ಚು ಹಾಕಿ, ‘ಕೊರೆಲ್ಲಿ ನುಡಿಸುತ್ತಿದ್ದುದು ಹೀಗೆ’ ಎಂದ. ಗಮಕವಿಲ್ಲದೆ ತೋಡಿ ಬರೆದಿಟ್ಟರೆ ಏನಾದೀತೆಂದು ಬಲ್ಲವರಿಗೆ ಇದು ಹೊಸದಲ್ಲ. ಬರೋಕ್ ಪಿಟೀಲಿಗೆ ಗದ್ದ ಊರುವ ಪಟ್ಟಿಯೂ ಇಲ್ಲ. ಅದು ಬಂದದ್ದು 1820ರ ಸುಮಾರಿಗೆ. ಕೆಳಗೆ ಕೂತು, ಪಾದಕ್ಕೊರಗಿಸಿ ನುಡಿಸಿದ ಕೈಗೆ ಗದ್ದದ ಹಂಗಿಲ್ಲ, ಆದರೆ ನಿಂತು ನುಡಿಸುವುದನ್ನು ಮೊದಲಿಂದ ಕಲಿಯಬೇಕು. ಹಾಗಾಗಿ ನಮ್ಮದನ್ನು ಬಿಡುತ್ತಿದ್ದಾಳೆ ಎಂದು ನನಗೆ ಕಾಣುವುದಿಲ್ಲ. ಕೊಂಡೊಯ್ಯುತ್ತಿದ್ದಾಳೆ.

ನನಗೆ ಭಯ ಬೇರೆಯದು. ಕೆಲವು ವರ್ಷಗಳ ಹಿಂದೆ ಉಟ್ರೆಕ್ಟ್‌ನಲ್ಲಿ ಹಳೆಯ ಸಂಗೀತದ ಉತ್ಸವ ನಡೆಯುತ್ತಿದ್ದಾಗ (1982ರಿಂದ ನಡೆದು ಬಂದಿದೆ) ಒಂದು ಸಣ್ಣ ತಂಡದ ತಾಲೀಮಿನಲ್ಲಿ ಮೂಲೆ ಹಿಡಿದು ಕೂತಿದ್ದೆ. ತಂತಿಗಳು ಕುರಿಯ ಕರುಳಿನವು. (ಮೂಗು ಮುರಿಯಬೇಡಿ, ನಮ್ಮ ಮೃದಂಗದ ಮೇಲಿರುವುದೂ ಚರ್ಮವೇ.) ಹೊರಗೆ ಮಳೆ ಹಿಡಿಯಿತು, ಒಳಗೆ ಶ್ರುತಿ ಜಾರಿತು. ಹಾರ್ಪ್ಸಿಕಾರ್ಡ್ ಎಂಬ, ತಂತಿ ಮೀಟುವ ಹಳೆಯ ಕೀಲಿಮಣೆ ವಾದ್ಯದಾಕೆ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದು ಸೇರಿಸಿದ್ದನ್ನು ಮತ್ತೆ ಮೊದಲಿನಿಂದ ಸೇರಿಸಿದಳು. ಅಷ್ಟರಲ್ಲಿ ಪಿಟೀಲಿನ ಮೇಲಿನ ತಂತಿ ಪಟ್ಟೆಂದು ಹರಿಯಿತು. ಯಾರೂ ತಲೆಯೆತ್ತಲಿಲ್ಲ. ಆತ ಜೇಬಿನಿಂದ ಇನ್ನೊಂದು ತೆಗೆದು ಕಟ್ಟಿಕೊಂಡ. ಶ್ರುತಿಯೂ ಒಂದೇ ಅಲ್ಲ. ಈಗಿನ ಸೆಕೆಂಡಿಗೆ 440 ಕಂಪನಗಳ ಬದಲು 415, ನಮ್ಮ ಲೆಕ್ಕದಲ್ಲಿ ಅರ್ಧ ಮನೆ ಕೆಳಗೆ. ಫ್ರೆಂಚ್ ಕೃತಿಯಾದರೆ 392, ಇನ್ನರ್ಧ ಮನೆ ಕೆಳಗೆ. ಲ್ಯೂಟ್ ಎಂಬ ಬಹುತಂತಿಗಳ ವಾದ್ಯ ನುಡಿಸುವವನು ಎಂಬತ್ತು ವರ್ಷ ಬದುಕಿದರೆ ಅರವತ್ತು ವರ್ಷ ಶ್ರುತಿ ಮಾಡಿರುತ್ತಾನೆ ಎಂದು ಜರ್ಮನ್ ಸಂಗೀತಗಾರ ಮ್ಯಾಥೆಸನ್ 1713ರಲ್ಲೇ ಗೇಲಿ ಮಾಡಿದ್ದ. ಇದನ್ನು ಸಹಿಸುವುದಲ್ಲ, ಇಷ್ಟಪಡಬೇಕು. ಮಗಳನ್ನು ಕೇಳಬೇಕಾದ ಪ್ರಶ್ನೆ ಇದು.

ಜೊತೆಗಾರರ ವಿಷಯವೂ ಇದೆ. ನಾಲ್ಕೈದು ಜನರ ತಂಡಕ್ಕೆ ಕೋಲು ಬೀಸುವ ನಿರ್ದೇಶಕ ಇರುವುದಿಲ್ಲ. ಯಾರು ಬಿಲ್ಲು ಎತ್ತುವ ಮುನ್ನ ಉಸಿರೆಳೆದುಕೊಂಡರು ಎಂಬುದನ್ನು ನೋಡಿ ಉಳಿದವರು ಹೊರಡಬೇಕು. ಒಂದೇ ವ್ಯಾನು, ಅಗ್ಗದ ಹೋಟೆಲು, ಸಂಭಾವನೆ ಹಂಚುವಾಗಿನ ಮುನಿಸು. ಅಮಾಡಿಯಸ್ ಕ್ವಾರ್ಟೆಟ್‌ನ ಅದೇ ನಾಲ್ವರು 1947ರಿಂದ 1987ರವರೆಗೆ ಒಟ್ಟಿಗೆ ನುಡಿಸಿದರು. ವಿಯೋಲಾದವರು ತೀರಿಕೊಂಡಾಗ ಅವರ ಜಾಗಕ್ಕೆ ಇನ್ನೊಬ್ಬರನ್ನು ತರದೆ ತಂಡವನ್ನೇ ನಿಲ್ಲಿಸಿದರು. ಎಷ್ಟೋ ದಾಂಪತ್ಯಗಳಿಗೆ ಇಷ್ಟು ಬಾಳಿಕೆ ಇಲ್ಲ.

ಸಾಧ್ಯವಾದರೆ ಮುಂದಿನ ಈಸ್ಟರಿಗೆ ಮೊದಲು ಹೋಗಿ ಬನ್ನಿ. ಕಛೇರಿಗಿಂತ ಹಿಂದಿನ ದಿನದ ತಾಲೀಮಿಗೆ ಕರೆದುಕೊಂಡು ಹೋಗಲು ಮಗಳಿಗೆ ಹೇಳಿ, ಮಾತಾಡದೆ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಕಲ್ಲಿನ ಚರ್ಚು, ಮಾರ್ಚಿನಲ್ಲೂ ಒಳಗೆ ಚಳಿ ಕೊರೆಯುತ್ತದೆ, ಸ್ವೆಟರ್ ಮರೆಯಬೇಡಿ.

— ಸಂಪಾದಕ