ಮಳೆ ನಿಂತ ಮೇಲೆ ಮೀನಿಗೆ ಕೆಂಪು ಹುಣ್ಣು: ಪರ್ಮಾಂಗನೇಟ್ ಹಾಕಲೋ, ಆಂಟಿಬಯಾಟಿಕ್ ಕೊಡಲೋ?

ಒಂದು ಎಕರೆ ಕೊಳ, ಕಾಟ್ಲಾ-ರೋಹು, ಮಳೆ ಮುಗಿದು ಚಳಿ ಬಿದ್ದ ಮೇಲೆ ಮೈಮೇಲೆ ಕೆಂಪು ಹುಣ್ಣು, ದಿನಾ ಒಂದಷ್ಟು ಸಾಯುತ್ತಿವೆ ಎಂದಿದ್ದೀರಿ. ಪೊಟ್ಯಾಸಿಯಂ ಪರ್ಮಾಂಗನೇಟ್, ಆಂಟಿಬಯಾಟಿಕ್ ಎರಡನ್ನೂ ಇವತ್ತು ಮುಟ್ಟಬೇಡಿ. ಬಲೆ ಬೀಸಿ ಹತ್ತು ಮೀನು ಹಿಡಿದು ನೋಡಿ.

ಚರ್ಮದ ಮೇಲೆ ಚಪ್ಪಟೆಯಾದ, ಪಾರದರ್ಶಕವಾದ, ಬೆರಳಿಂದ ಒತ್ತಿದರೆ ಸರಿದಾಡುವ ಚುಕ್ಕೆಗಳಿದ್ದರೆ ಅದು ಮೀನುಹೇನು. ಅದು ಕಚ್ಚಿದ ಜಾಗವೇ ಕೆಂಪಾಗಿ ಹುಣ್ಣಾಗುತ್ತದೆ. ಔಷಧಿ ಹೇನನ್ನು ಕೊಂದರೂ ಮೊಟ್ಟೆ ಉಳಿಯುತ್ತದೆ, ಎರಡು-ಮೂರು ವಾರದಲ್ಲಿ ಮತ್ತೆ ಶುರು. ಹೇನು ಗಟ್ಟಿ ವಸ್ತುವಿನ ಮೇಲೆ ಮೊಟ್ಟೆಯಿಡುವುದರಿಂದ ಅಲ್ಲಲ್ಲಿ ಬಿದಿರಿನ ಗಳ ನೆಟ್ಟು, ವಾರಕ್ಕೊಮ್ಮೆ ಕಿತ್ತು ಬಿಸಿಲಲ್ಲಿ ಒಣಗಿಸಿ.

ಹೇನಿಲ್ಲದೆ, ಹುಣ್ಣು ಆಳವಾಗಿ ಮಾಂಸದೊಳಗೆ ಇಳಿದಿದ್ದರೆ ನೀವು ಹೇಳಿದ ಹವೆಗೆ ಮೊದಲು ಬರುವ ಅನುಮಾನ ಇಯುಎಸ್ (ಎಪಿಜೂಟಿಕ್ ಅಲ್ಸರೇಟಿವ್ ಸಿಂಡ್ರೋಮ್) ಎಂಬ ಹುಣ್ಣುರೋಗ. ಅಫನೋಮೈಸಿಸ್ ಇನ್ವಡಾನ್ಸ್ ಎಂಬ ಬೂಸ್ಟಿನಂಥ ಜೀವಿ ಇದಕ್ಕೆ ಕಾರಣ. ನೀರು 18–22 ಡಿಗ್ರಿಗೆ ಇಳಿದು, ಮಳೆನೀರು ಸೇರಿ ಕ್ಷಾರೀಯತೆ (ಸುಣ್ಣ ಹೆಚ್ಚಿಸುವ ಗುಣ) ಕುಸಿದಾಗ ಕೆರಳುತ್ತದೆ. ಮುರ್ರೆಲ್ ಜಾತಿಯ ಮೀನು ಬೇಗ ಬೀಳುತ್ತದೆ, ತಿಲಾಪಿಯ ಮತ್ತು ಸಾಮಾನ್ಯ ಗೆಂಡೆ ತಡೆದುಕೊಳ್ಳುತ್ತವೆ. ಅದರ ಎಳೆಗಳು ಮಾಂಸದೊಳಗಿರುವುದರಿಂದ ನೀರಿಗೆ ಹಾಕಿದ ಪರ್ಮಾಂಗನೇಟ್ ಅಲ್ಲಿಗೆ ತಲುಪುವುದಿಲ್ಲ.

ಹಾಗಾಗಿ ನಾನಾದರೆ ಮೊದಲು ಸುಣ್ಣಕ್ಕೆ ಕೈ ಹಾಕುತ್ತೇನೆ. ಬೆಳಗಿನ ಜಾವ ಮತ್ತು ಮಧ್ಯಾಹ್ನ ಮೂರಕ್ಕೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ನೋಡಿ. ಕಡಿಮೆಯಿದ್ದರೆ ಎಕರೆಗೆ 40–50 ಕೆಜಿ ಸುಟ್ಟ ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಲ್ಲಿ ಅರಳಿಸಿ, ಪೂರ್ತಿ ತಣ್ಣಗಾದ ಮೇಲೆ ಬೆಳಿಗ್ಗೆ ಕೊಳದ ತುಂಬ ಎರಚಿ. ವಾರದ ನಂತರ ಪಿಎಚ್ ಅಳೆದು ಬೇಕಿದ್ದರೆ ಇನ್ನೊಂದು ಸಲ. ಮಧ್ಯಾಹ್ನದ ಪಿಎಚ್ ಆಗಲೇ 8.5 ದಾಟಿದ್ದರೆ ಬೇಡ: ನೀರಿನಲ್ಲಿರುವ ಅಮೋನಿಯಾ ವಿಷವಾಗಿ ತಿರುಗಿ, ರೋಗಕ್ಕಿಂತ ಮೊದಲು ಅದೇ ಕೊಲ್ಲುತ್ತದೆ. ಆಹಾರ ಅರ್ಧಕ್ಕೆ ಇಳಿಸಿ. ಸಣ್ಣ ಹುಣ್ಣುಗಳು ನೀರು ಸುಧಾರಿಸಿ ಬೆಚ್ಚಗಾದಂತೆ ತಾವೇ ಮಾಯುತ್ತವೆ.

ಪರ್ಮಾಂಗನೇಟ್ ಉಪಯೋಗಕ್ಕೆ ಬರುವುದು ಕಿವಿರು ಕೊಳೆಸುವ, ಚರ್ಮದ ಮೇಲಷ್ಟೇ ಇರುವ ಬ್ಯಾಕ್ಟೀರಿಯಾಕ್ಕೆ. ಪ್ರಮಾಣ ಲೀಟರಿಗೆ 2 ಮಿಲಿಗ್ರಾಂ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಸರಾಸರಿ ಆಳ 1.2 ಮೀಟರ್ ಆದರೆ 4,856 ಘನ ಮೀಟರ್ ನೀರು, ಅಂದರೆ 9.7 ಕೆಜಿ. ಆಳವನ್ನು ಅಂದಾಜಿಗೆ ಬಿಡಬೇಡಿ, ಕೋಲಿಟ್ಟು ಹತ್ತು ಕಡೆ ಅಳೆಯಿರಿ. ಹಾಕುವ ಮೊದಲು ಬಕೆಟ್ ಪರೀಕ್ಷೆ: 1 ಗ್ರಾಂ ಪುಡಿಯನ್ನು 1 ಲೀಟರ್ ಶುದ್ಧ ನೀರಲ್ಲಿ ಕರಗಿಸಿ, ಅದರಿಂದ 20 ಮಿಲಿ ತೆಗೆದು ಕೊಳದ 10 ಲೀಟರ್ ನೀರಿಗೆ ಬೆರೆಸಿ. ಕಾಲು ಗಂಟೆಯೊಳಗೆ ಗುಲಾಬಿ ಬಣ್ಣ ಹೋಗಿ ಕಂದಾದರೆ, ಔಷಧಿಯನ್ನು ಕೆಸರು-ಪಾಚಿಯೇ ತಿಂದುಬಿಟ್ಟಿದೆ, ಮೀನಿಗೆ ಏನೂ ಉಳಿಯುವುದಿಲ್ಲ. ಆಗ ಪ್ರಮಾಣ ಏರಿಸುವುದಕ್ಕಿಂತ ನೀರು ಬದಲಿಸುವುದು ಲೇಸು. ಪಾಚಿ ಸತ್ತು ಆಮ್ಲಜನಕ ಇಳಿಯುವುದರಿಂದ ಬೆಳಿಗ್ಗೆಯೇ ಹಾಕಿ ರಾತ್ರಿಯಿಡೀ ನೀರಿಗೆ ಗಾಳಿ ಬೆರೆಸುವ ಏರೇಟರ್ ಓಡಿಸಿ. ಸುಣ್ಣ ಹಾಕಿದ ದಿನವೇ ಬೇಡ.

ಆಂಟಿಬಯಾಟಿಕ್ ವಿಷಯಕ್ಕೆ ಬಂದರೆ, ಹೊಟ್ಟೆ ಉಬ್ಬಿ ಹುರುಪೆ ನಿಮಿರಿ ನಿಂತಿದ್ದರೆ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಆದರೆ ಕಾಯಿಲೆ ಬಲಿತ ಮೀನು ತಿನ್ನುವುದೇ ಇಲ್ಲ, ಆಹಾರಕ್ಕೆ ಬೆರೆಸಿದ ಔಷಧಿ ಇನ್ನೂ ತಿನ್ನುತ್ತಿರುವವಕ್ಕೆ ಮಾತ್ರ ಹೋಗುತ್ತದೆ. ಪ್ರಯೋಗಾಲಯದಲ್ಲಿ ಯಾವ ಔಷಧಿಗೆ ಬಗ್ಗುತ್ತದೆಂದು ನೋಡದೆ ಕೊಟ್ಟರೆ ದುಡ್ಡೂ ಹೋಗಿ ನಿರೋಧಕ ತಳಿಯೂ ಬೆಳೆಯುತ್ತದೆ. ಕೊಟ್ಟರೂ, ಮಾರುವ ಮೊದಲು ಆ ಔಷಧಿಗೆ ಹೇಳಿರುವಷ್ಟು ದಿನ ಕಾಯಲೇಬೇಕು.

ಪರೀಕ್ಷೆಗೆ ಸತ್ತ ಮೀನು ಒಯ್ಯಬೇಡಿ, ಕೆಲವೇ ಗಂಟೆಯಲ್ಲಿ ಕೊಳೆತು ಯಾವ್ಯಾವುದೋ ಬ್ಯಾಕ್ಟೀರಿಯಾ ಸೇರುತ್ತವೆ. ಹುಣ್ಣಿದ್ದೂ ಉಸಿರಾಡುತ್ತಿರುವ ನಾಲ್ಕೈದನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಒಯ್ಯಿರಿ. ಸತ್ತವನ್ನು ಹಕ್ಕಿಗಳಿಗೆ ಬಿಡದೆ ಸುಣ್ಣ ಹಾಕಿ ಹೂಳಿ. ಈ ಕೊಳದ ಬಲೆ ಒಣಗದೆ ಪಕ್ಕದ ಕೊಳಕ್ಕೆ ಇಳಿಯಕೂಡದು.