ಹಾವಿನ ಸಂಘ ಅಲ್ಲ ಮಾರಾಯ್ರೇ!

ಪ್ರಶ್ನೆ: ಅಮೆರಿಕದಲ್ಲಿ ‘ಎನ್‌ಕೋಬ್ರಾ’ ಅಂತ ಒಂದು ಸಂಘ ಇದೆಯಂತೆ. ಹಾವು ಹಿಡಿಯುವವರದ್ದಾ?
– ಓದುಗರೊಬ್ಬರು, ಹಾಸನ

ಉತ್ತರ: ಅಲ್ಲ ಸ್ವಾಮಿ. ಗುಲಾಮರಾಗಿ ದುಡಿದ ಕಪ್ಪು ಜನರ ವಂಶದವರಿಗೆ ಪರಿಹಾರ ಕೊಡಿ ಅಂತ ಕೇಳುವ ಒಕ್ಕೂಟ ಅದು. ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿದರೆ ಹಾಗಾಗುತ್ತದೆ, ಅಷ್ಟೇ. 1987ರಲ್ಲಿ ಶುರುವಾಯಿತು. ಅವರು ಪಟ್ಟು ಹಿಡಿದಿರುವುದು ‘ಎಚ್.ಆರ್. 40’ ಎಂಬ ಮಸೂದೆಗೆ. ಜಾನ್ ಕಾನ್ಯರ್ಸ್ ಎಂಬ ಸಂಸದರು 1989ರಲ್ಲಿ ಮೊದಲ ಸಲ ತಂದರು, ಆಮೇಲೆ ಮತ್ತೆ ಮತ್ತೆ ತಂದರು, ಪಾಸಾಗಲಿಲ್ಲ. ತಮಾಷೆ ಅಂದರೆ ಅದರಲ್ಲಿ ದುಡ್ಡು ಕೊಡಿ ಅಂತಲೂ ಇಲ್ಲ. ಒಂದು ಆಯೋಗ ಮಾಡಿ, ಏನು ಕೊಡಬಹುದು ಅಂತ ನೋಡಿ ಅಂತ ಇದೆ!

40 ಯಾಕೆ ಅಂತೀರಾ? 1865ರ ಜನವರಿಯಲ್ಲಿ, ಅಮೆರಿಕದ ಅಂತರ್ಯುದ್ಧ ಮುಗಿಯುವ ಹೊತ್ತಿಗೆ, ಉತ್ತರದ ಸೇನೆಯ ಜನರಲ್ ಶೆರ್ಮನ್ ಒಂದು ಆದೇಶ ಹೊರಡಿಸಿದರು. ದಕ್ಷಿಣ ಕೆರೊಲಿನಾ, ಜಾರ್ಜಿಯಾ ಕಡೆಯ ಕರಾವಳಿ ಜಮೀನನ್ನು ಬಿಡುಗಡೆಯಾದ ಗುಲಾಮರಿಗೆ ಹಂಚಿ, ಕುಟುಂಬಕ್ಕೆ 40 ಎಕರೆವರೆಗೆ. ಜನ ಹೋಗಿ ಉಳಲು ಶುರು ಮಾಡಿದರು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ಹಳೆ ಮಾಲೀಕರಿಗೇ ವಾಪಸ್ ಕೊಡಿಸಿದರು.

ಪ್ರಶ್ನೆ: ದುಡಿದವರೂ ಸತ್ತರು, ದುಡಿಸಿಕೊಂಡವರೂ ಸತ್ತರು. ಅಜ್ಜನ ತಪ್ಪಿಗೆ ಮೊಮ್ಮಗ ದಂಡ ಕಟ್ಟಬೇಕಾ? ಕೇಳುವುದಿದ್ದರೆ ಆಗಲೇ ಕೇಳಬೇಕಿತ್ತು.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗಲೇ ಕೇಳಿದ್ದರು!

ಹೆನ್ರಿಯೆಟಾ ವುಡ್ ಅಂತ ಒಬ್ಬ ಹೆಂಗಸು. ಸಿನ್ಸಿನಾಟಿಯಲ್ಲಿ ಬಿಡುಗಡೆ ಪತ್ರ ಪಡೆದು ಮನೆಗೆಲಸ ಮಾಡಿಕೊಂಡಿದ್ದಳು. 1853ರಲ್ಲಿ ಕೆಲಸ ಕೊಟ್ಟ ಯಜಮಾನಿಯೇ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ನದಿ ದಾಟಿ, ಗುಲಾಮಗಿರಿ ಇನ್ನೂ ಇದ್ದ ಕೆಂಟಕಿಗೆ ಕರೆದೊಯ್ದಳು. ಅಲ್ಲಿ ಕಾದಿದ್ದವರು ಹಿಡಿದುಕೊಂಡರು. ಮತ್ತೆ ಮಾರಾಟ. ಮಿಸಿಸಿಪಿ, ಆಮೇಲೆ ಟೆಕ್ಸಸ್. ವಾಪಸ್ ಬರುವಷ್ಟರಲ್ಲಿ 1869. ಬಂದವಳು ಸುಮ್ನೆ ಕೂರಲಿಲ್ಲ, ತನ್ನನ್ನು ಹಿಡಿಸಿ ಮಾರಿದ ಜೆಬುಲಾನ್ ವಾರ್ಡ್ ಮೇಲೆ 20,000 ಡಾಲರ್ ಕೇಳಿ ಕೇಸು ಹಾಕಿದಳು. 1878ರಲ್ಲಿ 12 ಬಿಳಿಯರ ಜ್ಯೂರಿ 2,500 ಡಾಲರ್ ಕೊಡಿಸಿತು. ಕೇಳಿದ್ದರ ಎಂಟನೇ ಒಂದು ಪಾಲು. ಆದರೂ ಕೈಗೆ ಬಂತಲ್ಲ, ಅದೇ ದೊಡ್ಡದು. ಮಗ ಆರ್ಥರ್ ಮುಂದೆ ಶಿಕಾಗೋದಲ್ಲಿ ಕಾನೂನು ಓದಿ ವಕೀಲನಾದ.

ಎಲ್ಲರಿಗೂ ಇಂಥ ಅದೃಷ್ಟ ಇರಲಿಲ್ಲ. ನ್ಯಾಶ್‌ವಿಲ್‌ನಲ್ಲಿ ಬಟ್ಟೆ ಒಗೆದು ಮಕ್ಕಳನ್ನು ಸಾಕುತ್ತಿದ್ದ ವಿಧವೆ ಕ್ಯಾಲಿ ಹೌಸ್, ಮುದಿಯಾದ ಮಾಜಿ ಗುಲಾಮರಿಗೆ ಪಿಂಚಣಿ ಕೊಡಿ ಅಂತ 1890ರ ದಶಕದಲ್ಲಿ ದೊಡ್ಡ ಸಂಘ ಕಟ್ಟುವುದಕ್ಕೆ ಓಡಾಡಿದಳು. ಸರ್ಕಾರ ಏನು ಮಾಡಿತು? ‘ನಾವು ಕೊಡುವುದೇ ಇಲ್ಲ, ಕೊಡುತ್ತಾರೆ ಅಂತ ಆಸೆ ಹುಟ್ಟಿಸಿ ಚಂದಾ ಎತ್ತುವುದು ಅಂಚೆ ಮೂಲಕ ವಂಚನೆ’ ಅಂತ 1917ರಲ್ಲಿ ಅವಳನ್ನೇ ಜೈಲಿಗೆ ಹಾಕಿಸಿತು. ಇಂಥ ವಾದ ನಮ್ಮ ತಾಲ್ಲೂಕು ಕಚೇರಿಯವರಿಗೂ ಹೊಳೆಯಲಿಕ್ಕಿಲ್ಲ.

ಇನ್ನು ನಿಮ್ಮ ಅಜ್ಜ, ಮೊಮ್ಮಗನ ಮಾತು. ಪರಿಹಾರವನ್ನೇ ಕೊಟ್ಟಿಲ್ಲ ಅಂದುಕೊಳ್ಳಬೇಡಿ, ಕೊಟ್ಟಿದ್ದಾರೆ. ಮಾಲೀಕರಿಗೆ! 1862ರಲ್ಲಿ ವಾಷಿಂಗ್ಟನ್ ನಗರದಲ್ಲಿ ಗುಲಾಮರನ್ನು ಬಿಡಿಸಿದಾಗ ತಲೆಗೆ 300 ಡಾಲರ್‌ವರೆಗೆ ಕೊಟ್ಟರು. ಬ್ರಿಟನ್ನಿನಲ್ಲಿ ಗುಲಾಮಗಿರಿ ರದ್ದು ಮಾಡಿದ 1833ರ ಕಾಯ್ದೆ ಪ್ರಕಾರ 2 ಕೋಟಿ ಪೌಂಡ್, ಅದಕ್ಕೆ ಸಾಲ ಎತ್ತಿದರು. ಆ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಜಮೈಕಾದಿಂದ ಹೋಗಿ ಲಂಡನ್‌ನಲ್ಲಿ ಬಸ್ಸು ಓಡಿಸಿದವರೂ ತಮ್ಮ ಮುತ್ತಜ್ಜನ ಯಜಮಾನನಿಗೆ ಪರಿಹಾರ ಕೊಡಲು ಎತ್ತಿದ ಸಾಲಕ್ಕೆ ತೆರಿಗೆ ಕಟ್ಟಿದರು. ಆ ಲೆಕ್ಕದಲ್ಲಿ ‘ಅದೆಲ್ಲ ಹಳೇ ಕತೆ’ ಅಂತ ಯಾರೂ ಅನ್ನಲಿಲ್ಲ, ಅಲ್ವಾ?

ಪ್ರಶ್ನೆ: ನಮ್ಮ ಕಡೆಯ ಸಿದ್ದಿಗಳೂ ಹೀಗೆ ಕೇಳಬಹುದಾ?
– ಓದುಗರೊಬ್ಬರು, ಯಲ್ಲಾಪುರ

ಉತ್ತರ: ಒಳ್ಳೆ ಪ್ರಶ್ನೆ. ಅವರಲ್ಲಿ ಹಲವರ ಪೂರ್ವಿಕರು ಆಫ್ರಿಕಾದಿಂದ ಗುಲಾಮರಾಗಿ ಬಂದು, ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ನಿಮ್ಮ ಕಾಡು ಸೇರಿದವರು. ಪರಿಹಾರದ ಬಿಲ್ ಕಳಿಸುವುದಾದರೆ ಪೋರ್ಚುಗಲ್ ರಾಜಧಾನಿ ಲಿಸ್ಬನ್‌ಗೇ ಕಳಿಸಬೇಕು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು ಬೇರೆ ವಿಷಯ, ಅದನ್ನು ಇದಕ್ಕೆ ಜಮಾ ಮಾಡಬೇಡಿ.

ಪ್ರಶ್ನೆ: ಎಲ್ಲಾದರೂ ನಿಜವಾಗಿ ದುಡ್ಡು ಸಿಕ್ಕಿದೆಯಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಶಿಕಾಗೋ ಪಕ್ಕದ ಇವಾನ್‌ಸ್ಟನ್‌ನಲ್ಲಿ ಸಿಕ್ಕಿದೆ. ಆದರೆ ಗುಲಾಮಗಿರಿಗೆ ಅಲ್ಲ. 1919ರಿಂದ 1969ರವರೆಗೆ ಆ ಊರಲ್ಲಿ ಮನೆ, ಸೈಟು ವಿಷಯದಲ್ಲಿ ಕಪ್ಪು ಜನರಿಗೆ ಮಾಡಿದ ಅನ್ಯಾಯಕ್ಕೆ. ತಲಾ 25,000 ಡಾಲರ್. ದುಡ್ಡು ಎಲ್ಲಿಂದ? ಗಾಂಜಾ ಮಾರಾಟದ ತೆರಿಗೆಯಿಂದ! ನಗುವಂಥದ್ದೇನಿಲ್ಲ, ಅಲ್ಲಿ ಅದು ಕಾನೂನುಬದ್ಧ. ಆದರೆ ತೆರಿಗೆ ನಿಧಾನಕ್ಕೆ ಬರುತ್ತಿತ್ತು, ಅರ್ಜಿ ಜಾಸ್ತಿ. ಹಾಗಾಗಿ 2022ರಲ್ಲಿ ಲಾಟರಿ ಎತ್ತಿ ಮೊದಲ 16 ಜನರನ್ನು ಆರಿಸಿದರು. ಉಳಿದವರಲ್ಲಿ ಕೆಲವು ಮುದುಕರು ಸರದಿ ಬರುವ ಮೊದಲೇ ತೀರಿಕೊಂಡರು.