ಡಿಎನ್‌ಎ ಎಳೆಯಲ್ಲಿ ಶಬ್ದದ ವೇಗ: ಮೊದಲು ತೇವ ಹಿಡಿತಕ್ಕೆ ಬರಲಿ

ಡಿಎನ್‌ಎ ಎಳೆಯಲ್ಲಿ ಶಬ್ದದ ವೇಗ ಅಳೆದು ಅದರ ಬಿಗಿ ಎಷ್ಟೆಂದು ಹೇಳಬಹುದಾ, ಶಿವಮೊಗ್ಗದ ಕಾಲೇಜು ಲ್ಯಾಬಿನಲ್ಲಿ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಖಂಡಿತ ಹೇಳಬಹುದು. ಇಲ್ಲಿ ಎಳೆ ಎಂದರೆ ಒಂದೇ ಅಣುವಲ್ಲ, ಅಸಂಖ್ಯ ಡಿಎನ್‌ಎ ಅಣುಗಳು ಸೇರಿ ಆದ ಸಣ್ಣ ನಾರು.

ಅಷ್ಟು ಸಣ್ಣ ಎಳೆಯನ್ನು ಬೆಳಕಿನಿಂದಲೇ ಅಳೆಯುವುದು ವಾಸಿ. ಈ ವಿಧಾನಕ್ಕೆ ಬ್ರಿಲ್ಲುವಾ ಚದುರುವಿಕೆ ಎನ್ನುತ್ತಾರೆ. ಶಾಖದಿಂದಾಗಿ ಎಳೆಯೊಳಗೆ ಶಬ್ದದ ಅಲೆಗಳು ಸದಾ ಓಡಾಡುತ್ತಿರುತ್ತವೆ. ಅವಕ್ಕೆ ತಾಗಿ ಚದುರಿದ ಲೇಸರ್ ಬೆಳಕಿನ ಆವರ್ತನ ಒಂಚೂರು ಬದಲಾಗುತ್ತದೆ. 532 ನ್ಯಾನೊಮೀಟರ್ ಹಸಿರು ಲೇಸರ್, ಎಳೆಯ ವಕ್ರೀಭವನ ಸೂಚ್ಯಂಕ (ಬೆಳಕು ಅದರೊಳಗೆ ಎಷ್ಟು ನಿಧಾನವಾಗುತ್ತದೆ ಎಂಬ ಅಳತೆ) 1.5, ಶಬ್ದದ ವೇಗ ಸೆಕೆಂಡಿಗೆ 2 ಕಿ.ಮೀ. ಎಂದಿಟ್ಟುಕೊಳ್ಳಿ. ನೇರ ಹಿಂದಕ್ಕೆ ಚದುರಿದ ಬೆಳಕಿನಲ್ಲಿ ಬದಲಾವಣೆ ಸುಮಾರು 11 ಗಿಗಾಹರ್ಟ್ಸ್. ಇದನ್ನು ಹಿಡಿಯಲು ಫ್ಯಾಬ್ರಿ-ಪೆರೊ ಇಂಟರ್‌ಫೆರೋಮೀಟರ್, ಅಂದರೆ ಬೆಳಕಿನ ಆವರ್ತನದ ಸಣ್ಣ ವ್ಯತ್ಯಾಸವನ್ನೂ ಬೇರ್ಪಡಿಸುವ ಉಪಕರಣ ಬೇಕು. ವೇಗದ ವರ್ಗವನ್ನು ಸಾಂದ್ರತೆಯಿಂದ ಗುಣಿಸಿದರೆ ಮಾಡ್ಯುಲಸ್, ಅಂದರೆ ಬಿಗಿಯ ಅಳತೆ, ಸಿಗುತ್ತದೆ. 1979ರಲ್ಲೇ ವಿಜ್ಞಾನಿಗಳಾದ ಮಾರೆ, ಡ್ರಾನ್ಸ್‌ಫೆಲ್ಡ್, ರುಪ್ರೆಕ್ಟ್ ಮತ್ತು ಸಂಗಡಿಗರು ಹೀಗೆ ಅಳೆದಿದ್ದರು. ಒಂದು ಮಾತು: ಇದು ಗಿಗಾಹರ್ಟ್ಸ್‌ನಲ್ಲಿ, ಅಂದರೆ ಅತಿ ವೇಗವಾಗಿ ಕಂಪಿಸುವಾಗ ಕಾಣುವ ಬಿಗಿ. ತೂಕ ಕಟ್ಟಿ ನಿಧಾನಕ್ಕೆ ಎಳೆದಾಗ ಸಿಗುವ ಯಂಗ್ಸ್ ಮಾಡ್ಯುಲಸ್ ಬೇರೆ. ಎರಡನ್ನೂ ಒಂದೇ ಕೋಷ್ಟಕಕ್ಕೆ ತುಂಬಬೇಡಿ.

ನಿಜವಾದ ಕೆಲಸ ಇರುವುದು ತೇವದಲ್ಲಿ. ಎಳೆ ನೀರು ಹೀರಿದಷ್ಟೂ ಮೆತ್ತಗಾಗುತ್ತದೆ, ಶಬ್ದದ ವೇಗ ಇಳಿಯುತ್ತದೆ. ಡಿಎನ್‌ಎ ಸುರುಳಿಯ ರೂಪವೇ ಬದಲಾಗುತ್ತದೆ: ಸೋಡಿಯಂ ಡಿಎನ್‌ಎ (ಡಿಎನ್‌ಎಯ ಸೋಡಿಯಂ ಲವಣ) ಶೇ. 75 ತೇವಾಂಶದಲ್ಲಿ ಎ ರೂಪ, ಶೇ. 92ರಲ್ಲಿ ಬಿ ರೂಪ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆಯುತ್ತದಲ್ವಾ? ಅಡುಗೆ ಉಪ್ಪು ನೀರಾಗುವುದು ತೇವಾಂಶ ಶೇ. 75 ದಾಟಿದಾಗ. ಅಂದರೆ ಆಷಾಢದಲ್ಲಿ ಮೇಜಿನ ಮೇಲೆ ಸುಮ್ನೆ ಬಿಟ್ಟ ಎಳೆ ಬೆಳಿಗ್ಗೆ ಒಂದು ವಸ್ತು, ಮಧ್ಯಾಹ್ನ ಬಿಸಿಲು ಬಂದರೆ ಇನ್ನೊಂದು. ತೇವಾಂಶ ಬರೆಯದ ವೇಗಕ್ಕೆ ಬೆಲೆಯೇ ಇಲ್ಲ.

ಇದಕ್ಕೆ ದುಬಾರಿ ಉಪಕರಣ ಬೇಡ. ಬಿಗಿ ಮುಚ್ಚಳದ ಗಾಜಿನ ಡಬ್ಬಿಯೊಳಗೆ ಪರ್ಯಾಪ್ತ ಉಪ್ಪುನೀರಿನ ಬಟ್ಟಲಿಡಿ, ಗಾಳಿ ಶೇ. 75ರಲ್ಲಿ ನಿಲ್ಲುತ್ತದೆ. ತಳದಲ್ಲಿ ಕರಗದ ಉಪ್ಪು ಯಾವಾಗಲೂ ಕಾಣುತ್ತಿರಬೇಕು. ಮೆಗ್ನೀಷಿಯಂ ಕ್ಲೋರೈಡ್ ಶೇ. 33 ಕೊಡುತ್ತದೆ, ಪೊಟ್ಯಾಷಿಯಂ ನೈಟ್ರೇಟ್ ಶೇ. 93ರ ಆಸುಪಾಸು. ಇಷ್ಟಿದ್ದರೆ ಎರಡೂ ರೂಪ ನಿಮ್ಮ ಕೈಯಲ್ಲಿ.

ಎಳೆ ತೆಗೆಯುವುದನ್ನು ಈಗಲೇ ಕಲಿಯಿರಿ. ಡಿಎನ್‌ಎಯನ್ನು ನೀರಿನಲ್ಲಿ ಗಟ್ಟಿ ಲೋಳೆಯಾಗಿಸಿ, ಗಾಜಿನ ಸೂಜಿ ಅದ್ದಿ, ಅವಸರ ಮಾಡದೆ ಮೇಲಕ್ಕೆಳೆಯಿರಿ. ಅಡ್ಡಡ್ಡ ಇಟ್ಟ ಎರಡು ಪೋಲರಾಯ್ಡ್‌ಗಳ ನಡುವೆ ಎಳೆಯನ್ನು ಮೈಕ್ರೋಸ್ಕೋಪಿನಲ್ಲಿ ತಿರುಗಿಸಿ ನೋಡಿ. ಹೊಳೆದು, ಮತ್ತೆ ಉದ್ದಕ್ಕೂ ಒಟ್ಟಿಗೇ ಕಪ್ಪಾದರೆ ಅಣುಗಳು ಒಂದೇ ದಿಕ್ಕಿಗಿವೆ. ಅಲ್ಲಲ್ಲಿ ಬೆಳಕು ಉಳಿದರೆ ಆ ಎಳೆ ಬಿಡಿ, ಇನ್ನೊಂದು ಎಳೆಯಿರಿ. ಇಂಥ ಒಳ್ಳೆಯ ಎಳೆಗಳು ಕೈಗೆ ಬಂದ ಮೇಲೆ ಬ್ರಿಲ್ಲುವಾ ಉಪಕರಣವಿರುವ ಲ್ಯಾಬಿಗೆ ಪತ್ರ ಬರೆಯಿರಿ, ಡಬ್ಬಿ ಸಮೇತ ಹೋಗಿ.